ಫಾರ್ಮ್ಯಾಟ್ ಹೊಡೆದ ದಿನಗಳು

ಹಾರ್ಡ್ ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದೆಂದರೆ ಅದರೊಳಗಿನ ಲೆಕ್ಕದ ಪುಸ್ತಕವನ್ನು ಹೊಸದಾಗಿ ಬರೆಯುವುದು. ಡಿಸ್ಕಿನ ಒಳಗೆ ಕಾಂತೀಯ ಲೇಪವಿರುವ ಬಿಲ್ಲೆಗಳಿರುತ್ತವೆ. ಮನೆಬಳಕೆಯ ಕಂಪ್ಯೂಟರುಗಳಲ್ಲಿ ಅವು ನಿಮಿಷಕ್ಕೆ 5,400 ಇಲ್ಲವೇ 7,200 ಸುತ್ತು ತಿರುಗುತ್ತವೆ. ಬಿಲ್ಲೆಯ ಮೈಯನ್ನು ಸೆಕ್ಟರುಗಳೆಂಬ ಚಿಕ್ಕ ಚಿಕ್ಕ ತುಂಡುಗಳಾಗಿ ಪಾಲು ಮಾಡಿರುತ್ತಾರೆ. ಹಳೆಯ ಡಿಸ್ಕುಗಳಲ್ಲಿ ಒಂದು ಸೆಕ್ಟರಿಗೆ 512 ಬೈಟು ಹಿಡಿಯುತ್ತಿತ್ತು. ಒಂದು ಪತ್ರವೋ ಫೋಟೊವೋ ಇಂಥ ನೂರಾರು, ಸಾವಿರಾರು ಸೆಕ್ಟರುಗಳಲ್ಲಿ ಹಂಚಿಹೋಗಿರುತ್ತದೆ. ಯಾವ ಫೈಲು ಎಲ್ಲಿಂದ ಶುರುವಾಗಿ ಎಲ್ಲೆಲ್ಲಿ ಮುಂದುವರಿದಿದೆ ಎಂಬ ಲೆಕ್ಕವನ್ನು ಡಿಸ್ಕಿನ ಒಂದು ಕಡೆ ಬರೆದಿಟ್ಟಿರುತ್ತದೆ. ವಿಂಡೋಸ್ 98ರ ಕಾಲದಲ್ಲಿ ಈ ಲೆಕ್ಕಕ್ಕೆ ಫ್ಯಾಟ್ ಎಂದು ಹೆಸರು. ಆಮೇಲೆ ಮನೆಬಳಕೆಯ ಯಂತ್ರಗಳಿಗೂ ಎನ್‌ಟಿಎಫ್‌ಎಸ್ ಬಂತು.

ಆ ಕಾಲದ ಫಾರ್ಮ್ಯಾಟು ಈ ಲೆಕ್ಕವನ್ನಷ್ಟೇ ಖಾಲಿ ಮಾಡುತ್ತಿತ್ತು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಬಟ್ಟೆಯಲ್ಲಿ ಕಟ್ಟಿಟ್ಟ ಕಡತಗಳೆಲ್ಲ ಕಪಾಟಿನಲ್ಲೇ ಇವೆ, ಯಾವ ಕಟ್ಟು ಎಲ್ಲಿದೆ ಎಂದು ತೋರಿಸುವ ರಿಜಿಸ್ಟರು ಮಾತ್ರ ಕಾಣೆಯಾಗಿದೆ ಎಂದುಕೊಳ್ಳಿ. ಕಾಗದ ಕೇಳಲು ಬಂದ ರೈತನಿಗೆ ಗುಮಾಸ್ತ ‘ಇಲ್ಲ’ ಎಂದೇ ಹೇಳುತ್ತಾನೆ. ಫಾರ್ಮ್ಯಾಟ್ ಆದ ಡಿಸ್ಕೂ ಹಾಗೆಯೇ ‘ಖಾಲಿ’ ಎನ್ನುತ್ತದೆ. ಹಳೆಯ ಬರಹದ ಮೇಲೆ ಹೊಸ ಬರಹ ಕೂರುವ ತನಕ ಹಳೆಯದು ಅಲ್ಲೇ ಇರುತ್ತದೆ.

ಧಾರವಾಡ ಜಿಲ್ಲೆಯ ಹಳ್ಳಿ, ಹೋಬಳಿಗಳಲ್ಲಿ ಕಂಪ್ಯೂಟರ್ ಕಾಲಿಟ್ಟ ಮೊದಲ ಹತ್ತು ಹನ್ನೆರಡು ವರ್ಷ ಈ ಸಂಗತಿ ಬಲ್ಲವರು ಬಹಳ ಕಡಿಮೆ. ಅದರ ಫಲವಾಗಿ ಎರಡು ನಷ್ಟಗಳಾದವು. ಮರಳಿ ಪಡೆಯಬಹುದಾಗಿದ್ದ ಎಷ್ಟೋ ಬರಹ, ಫೋಟೊಗಳನ್ನು ಜನ ಹೋದವೆಂದು ಕೈಬಿಟ್ಟರು. ಅಳಿಸಲೇಬೇಕಾಗಿದ್ದ ಎಷ್ಟೋ ಕಾಗದಪತ್ರಗಳನ್ನು ಅಳಿಸಿದೆವೆಂದು ನಂಬಿ ಡಿಸ್ಕಿನ ಸಮೇತ ಮಾರಿಬಿಟ್ಟರು.

ಈ ಭಾಗದಲ್ಲಿ ಸಾಮಾನ್ಯ ರೈತನಿಗೆ ಕಂಪ್ಯೂಟರಿನ ಪರಿಚಯವಾದದ್ದು ಪಹಣಿಯಿಂದ. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಿಂದ ಕಂಪ್ಯೂಟರಿಗೆ ಏರಿದವು. 2000ದ ಆಚೀಚೆ ನವಲಗುಂದ, ಕುಂದಗೋಳ, ಕಲಘಟಗಿ ತಹಶೀಲ್ದಾರ್ ಕಚೇರಿಗಳಲ್ಲಿ ಭೂಮಿ ಕೇಂದ್ರ ತೆರೆದು, 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಸಿಗತೊಡಗಿತು. ಅದೇ ವರ್ಷಗಳಲ್ಲಿ ಮಾಹಿತಿ ಸಿಂಧು ಯೋಜನೆಯಡಿ ಸರ್ಕಾರಿ ಪ್ರೌಢಶಾಲೆಗಳಿಗೂ ಕಂಪ್ಯೂಟರ್ ಬಂದವು. ಬಸ್ ಸ್ಟ್ಯಾಂಡಿನ ಸುತ್ತಮುತ್ತ ಟೈಪಿಂಗ್ ಕ್ಲಾಸುಗಳು ಕಂಪ್ಯೂಟರ್ ಕ್ಲಾಸುಗಳಾದವು, ಝೆರಾಕ್ಸ್ ಅಂಗಡಿಗಳಲ್ಲಿ ಡಿಟಿಪಿ ಶುರುವಾಯಿತು, ಫೋಟೊ ಸ್ಟುಡಿಯೊಗಳ ಡಾರ್ಕ್ ರೂಮಿನಲ್ಲಿ ಮಾನಿಟರ್ ಬಂದು ಕೂತಿತು. ಆಗಿನ್ನೂ ನವಲಗುಂದ ತಾಲ್ಲೂಕಿಗೆ ಸೇರಿದ್ದ ಅಣ್ಣಿಗೇರಿಯಂಥ ಊರಲ್ಲೂ ಲಗ್ನಪತ್ರಿಕೆ ಮಾಡಿಸಲು ಹುಬ್ಬಳ್ಳಿಗೆ ಹೋಗುವುದು ಮೆಲ್ಲಗೆ ತಪ್ಪಿತು.

ಸರ್ಕಾರಿ ಕಚೇರಿಯ ಯಂತ್ರಕ್ಕೆ ನೋಡಿಕೊಳ್ಳುವ ಎಂಜಿನಿಯರ್ ಇದ್ದರು. ಉಳಿದವರ ಯಂತ್ರಕ್ಕೆ ಊರಿನ ಒಬ್ಬ ಹುಡುಗನೇ ಗತಿ. ಹುಬ್ಬಳ್ಳಿಯಲ್ಲಿ ಆರು ತಿಂಗಳ ಹಾರ್ಡ್‌ವೇರ್ ಕೋರ್ಸ್ ಮಾಡಿ ಬಂದ ಅವನ ಬ್ಯಾಗಿನಲ್ಲಿ ಒಂದು ಸ್ಕ್ರೂ ಡ್ರೈವರ್, ಪೇಂಟ್ ಬಳಿಯುವ ಸಣ್ಣ ಬ್ರಷ್, ಸಿಡಿ ಪೌಚು ಮತ್ತು ಒಂದು ಬೂಟ್ ಫ್ಲಾಪಿ. ಯಂತ್ರಕ್ಕೆ ಏನೇ ಆದರೂ, ನಿಧಾನವಾಗಲಿ, ಹ್ಯಾಂಗ್ ಆಗಲಿ, ಪ್ರಿಂಟರ್ ಮಾತು ಕೇಳದಿರಲಿ, ಕೊನೆಗೆ ಬರುತ್ತಿದ್ದ ಮಾತು ಒಂದೇ: ‘ಫಾರ್ಮ್ಯಾಟ್ ಹೊಡೀಬೇಕಾಗ್ತೈತ್ರಿ.’ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ: ‘ಸಿ ಡ್ರೈವ್‌ನ್ಯಾಗ ಏನರ ಐತೇನ್ರಿ?’ ಯಂತ್ರದ ಯಜಮಾನನಿಗೆ ಸಿ ಎಂದರೇನು, ಡಿ ಎಂದರೇನು ಗೊತ್ತಿಲ್ಲ. ‘ಏನಿಲ್ಲಪಾ, ಹೊಡಿ’ ಎನ್ನುತ್ತಿದ್ದ. ಆ ಒಂದು ಮಾತಿನ ಮೇಲೆ ವರ್ಷಗಟ್ಟಲೆಯ ಕೆಲಸ ನಿಂತಿರುತ್ತಿತ್ತು.

ವಿಂಡೋಸ್ 98ರ ಫಾರ್ಮ್ಯಾಟಿಗೆ ಒಂದು ಕ್ರಮವಿತ್ತು. 1.44 ಎಂಬಿಯ ಫ್ಲಾಪಿ ಹಾಕಿ ಯಂತ್ರ ಹಚ್ಚಿದರೆ ಕರಿ ಪರದೆಯ ಮೇಲೆ ಬಿಳಿ ಅಕ್ಷರ ಬರುತ್ತಿತ್ತು. ಹೊಸ ಡಿಸ್ಕಾದರೆ ಮೊದಲು ಎಫ್‌ಡಿಸ್ಕ್ ಕೊಟ್ಟು ಸಿ, ಡಿ, ಇ ಎಂದು ಪಾಲು ಮಾಡಬೇಕು. ಆಮೇಲೆ ಫಾರ್ಮ್ಯಾಟ್ ಎಂದು ಬರೆದು, ಜಾಗ ಬಿಟ್ಟು, ಸಿ ಅಕ್ಷರ ಮತ್ತು ಕೋಲನ್ ಒತ್ತಬೇಕು. ಈ ಡ್ರೈವಿನಲ್ಲಿರುವುದೆಲ್ಲ ಹೋಗುತ್ತದೆ, ಮುಂದುವರಿಯಲೇ ಎಂದು ಯಂತ್ರ ಕೇಳುತ್ತಿತ್ತು. ಎಚ್ಚರಿಕೆ ಇಂಗ್ಲಿಷಿನಲ್ಲಿತ್ತು, ಎಲ್ಲಾ ದೊಡ್ಡಕ್ಷರಗಳಲ್ಲಿ. ವೈ ಒತ್ತಿ ಎಂಟರ್ ಹೊಡೆದರೆ ಶೇಕಡಾ ಲೆಕ್ಕ ಒಂದು, ಎರಡು ಎಂದು ಏರತೊಡಗುತ್ತಿತ್ತು. ಡಿಸ್ಕಿನ ಮೈಯಲ್ಲಿ ಕೆಟ್ಟ ಜಾಗವಿದ್ದರೆ ಅಲ್ಲಿ ಲೆಕ್ಕ ನಿಂತುಬಿಡುತ್ತಿತ್ತು. ಒಳಗಿನಿಂದ ಕಟ್ ಕಟ್ ಸದ್ದು ಬರುತ್ತಿತ್ತು. ನೂರು ಮುಟ್ಟಿದ ಮೇಲೆ ಡ್ರೈವಿಗೆ ಹನ್ನೊಂದು ಅಕ್ಷರದೊಳಗಿನ ಹೆಸರು ಕೇಳುತ್ತಿತ್ತು. ಕೆಲವು ಹುಡುಗರು ಅಲ್ಲಿ ತಮ್ಮ ಅಂಗಡಿಯ ಹೆಸರನ್ನೇ ಬರೆದುಬಿಡುತ್ತಿದ್ದರು.

ಅರ್ಧ ಗಂಟೆ, ಮುಕ್ಕಾಲು ಗಂಟೆ ನಡೆಯುವ ಈ ಕೆಲಸ ನೋಡಿದವರಿಗೆ ಡಿಸ್ಕನ್ನು ಮೂಲೆ ಮೂಲೆಗೂ ತಿಕ್ಕಿ ತೊಳೆಯುತ್ತಿದೆ ಎನಿಸುತ್ತಿತ್ತು. ತಪ್ಪು ತಿಳಿವಳಿಕೆಯ ಬೇರು ಇಲ್ಲೇ ಇದೆ. ಆ ಹೊತ್ತೆಲ್ಲ ಯಂತ್ರ ಸೆಕ್ಟರುಗಳನ್ನು ಓದುತ್ತ, ಯಾವುದು ಕೆಟ್ಟಿದೆ ಎಂದು ಗುರುತು ಹಾಕಿಕೊಳ್ಳುತ್ತಿತ್ತು. ಫೈಲುಗಳಿದ್ದ ಜಾಗದಲ್ಲಿ ಅದು ಏನನ್ನೂ ಬರೆಯುತ್ತಿರಲಿಲ್ಲ.

ಫಾರ್ಮ್ಯಾಟು ಅಷ್ಟು ಪದೇ ಪದೇ ಬೇಕಾಗಲು ಊರಿನ ಹವೆಯೂ ಕಾರಣ. ನವಲಗುಂದ, ಅಣ್ಣಿಗೇರಿ ಕಡೆ ಎರೆಭೂಮಿ. ಕಡಲೆ, ಹತ್ತಿಯ ಕೆಲಸ ಮುಗಿದು ಬಿಸಿಲು ಏರಿದರೆ ಕರಿ ಧೂಳು ಕಿಟಕಿ ಮುಚ್ಚಿದ ಕೋಣೆಗೂ ನುಗ್ಗುತ್ತದೆ. ಸಿಪಿಯು ಡಬ್ಬಿ ಬಿಚ್ಚಿದರೆ ಫ್ಯಾನಿನ ರೆಕ್ಕೆಗೆ ಬೆರಳುದಪ್ಪ ಧೂಳು ಮೆತ್ತಿರುತ್ತಿತ್ತು. ಯಂತ್ರ ಕಾದು ನಿಲ್ಲುತ್ತಿತ್ತು. ಅದನ್ನು ಬ್ರಷ್ಷಿನಿಂದ ಕೊಡವಿದರೆ ಸಾಕಿದ್ದ ಕಡೆಯೂ ಫಾರ್ಮ್ಯಾಟ್ ಆದದ್ದುಂಟು. ಇನ್ನೊಂದು ಕಾರಣ ಕರೆಂಟು. ಹೇಳದೆ ಕೇಳದೆ ಹೋಗುವ ಕರೆಂಟಿಗೆ ಎರಡು ವರ್ಷಕ್ಕೆ ಯುಪಿಎಸ್ ಬ್ಯಾಟರಿ ಸೋತುಹೋಗುತ್ತಿತ್ತು. ವಿಂಡೋಸ್ ಬರೆಯುತ್ತಿದ್ದಾಗಲೇ ಯಂತ್ರ ಆರಿದರೆ ಮುಖ್ಯ ಫೈಲುಗಳು ಮುರಿದು, ಮರುದಿನ ಬೆಳಿಗ್ಗೆ ಪರದೆಯ ಮೇಲೆ ‘ಎನ್‌ಟಿಎಲ್‌ಡಿಆರ್ ಇಲ್ಲ’ ಎಂಬ ಒಂದು ಸಾಲು ಮಾತ್ರ ನಿಂತಿರುತ್ತಿತ್ತು.

ವೈರಸ್ಸಿನ ಮಾತು ಬೇರೆಯೇ. 1999ರ ಏಪ್ರಿಲ್ 26ರಂದು ಜಗತ್ತಿನಾದ್ಯಂತ ಎರಗಿದ ಸಿಐಎಚ್ ವೈರಸ್ಸು ಹಾರ್ಡ್ ಡಿಸ್ಕಿನ ಮೊದಲ ಒಂದು ಎಂಬಿಯಷ್ಟು ಜಾಗದ ಮೇಲೆ ಸೊನ್ನೆ ಬರೆದು ಲೆಕ್ಕವನ್ನೇ ಕೆಡಿಸುತ್ತಿತ್ತು. ತೈವಾನಿನ ವಿದ್ಯಾರ್ಥಿ ಚೆನ್ ಇಂಗ್-ಹಾವ್ ಬರೆದದ್ದು ಅದು. ಚೆರ್ನೋಬಿಲ್ ದುರಂತ ನಡೆದ ತಾರೀಖಿಗೇ ಎರಗಿದ್ದರಿಂದ ಆ ಹೆಸರೇ ಅದಕ್ಕೆ ಅಂಟಿತು. ಹಳ್ಳಿಗಳ ಮಟ್ಟಿಗೆ ಕಾಟ ಕೊಟ್ಟದ್ದು ಮಾತ್ರ 2006ರ ನಂತರ ಪೆನ್ ಡ್ರೈವಿನಲ್ಲಿ ಬಂದ ವೈರಸ್ಸುಗಳು. ನೋಡಲು ಹಳದಿ ಫೋಲ್ಡರಿನ ಚಿತ್ರ, ಹೆಸರು ‘ನ್ಯೂ ಫೋಲ್ಡರ್’, ತೆರೆದರೆ ವೈರಸ್. ಹುಡುಗ ಬಂದು ಸಿ ಡ್ರೈವ್ ಫಾರ್ಮ್ಯಾಟ್ ಹೊಡೆದು ಹೋಗುತ್ತಿದ್ದ, ಸಂಜೆಗೆ ರೋಗ ಮರಳಿ ಬರುತ್ತಿತ್ತು. ಡಿ ಡ್ರೈವಿನ ಬಾಗಿಲಲ್ಲೇ ಆಟೊರನ್ ಎಂಬ ಅಡಗು ಫೈಲು ಕೂತಿರುತ್ತಿತ್ತು. ಡಿ ಮೇಲೆ ಎರಡು ಸಲ ಕ್ಲಿಕ್ ಮಾಡಿದ ಕೂಡಲೇ ಅದು ಹೊಸ ವಿಂಡೋಸಿಗೂ ಅಂಟಿಕೊಳ್ಳುತ್ತಿತ್ತು. ಇದು ಅರ್ಥವಾಗದೆ ಮೂರನೆಯ ಸಲಕ್ಕೆ ರೋಸಿಹೋಗಿ ಡಿಸ್ಕನ್ನೇ ಪೂರ್ತಿ ಫಾರ್ಮ್ಯಾಟ್ ಹೊಡೆಯುತ್ತಿದ್ದರು. ಊರಿನ ಹೆಚ್ಚಿನ ಬರಹ, ಫೋಟೊಗಳು ಹೋದದ್ದು ಈ ಮೂರನೆಯ ಸಲದಲ್ಲಿ.

2001ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಇಲ್ಲಿಗೆ ಮುಟ್ಟಿದ್ದು ಎರಡು ಮೂರು ವರ್ಷ ತಡವಾಗಿ. ಅದರಲ್ಲಿ ಫ್ಲಾಪಿ ಬೇಕಿರಲಿಲ್ಲ. ಸಿಡಿಯಿಂದಲೇ ನೀಲಿ ಪರದೆ ತೆರೆದುಕೊಳ್ಳುತ್ತಿತ್ತು. ಎಫ್ 8 ಒತ್ತಿ ಒಪ್ಪಿಗೆ, ಡಿ ಒತ್ತಿ ಹಳೆಯ ಪಾರ್ಟಿಷನ್ ತೆಗೆಯುವುದು, ಎಲ್ ಒತ್ತಿ ಖಾತ್ರಿ ಮಾಡುವುದು, ಆಮೇಲೆ ಕ್ವಿಕ್ ಎಂಬ ಸಾಲನ್ನು ಆರಿಸುವುದು. ಇವಿಷ್ಟು ಕೀಲಿಗಳನ್ನು ಬಾಯಿಪಾಠ ಮಾಡಿದ್ದ ಪಿಯುಸಿ ಹುಡುಗರೂ ಇದ್ದರು. ಬಳಿಕ ಇನ್ನು 39 ನಿಮಿಷ ಎಂದು ಪರದೆ ಹೇಳುತ್ತಿತ್ತು. ಆ 39 ನಿಮಿಷ ಎಂದೂ 39ಕ್ಕೆ ಮುಗಿಯುತ್ತಿರಲಿಲ್ಲವೆಂಬುದು ಅದನ್ನು ಕಾದು ಕೂತವರಿಗೆಲ್ಲ ನೆನಪಿರುತ್ತದೆ.

ಕೆಲಸ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಹೊಸ ವಿಂಡೋಸಿಗೆ ಸದ್ದಿಲ್ಲ, ಬಣ್ಣ ಸರಿಯಿಲ್ಲ, ಚಿತ್ರಗಳೆಲ್ಲ ದೊಡ್ಡ ದೊಡ್ಡವು. ಮದರ್‌ಬೋರ್ಡಿನ ಜೊತೆ ಬಂದಿದ್ದ ಡ್ರೈವರ್ ಸಿಡಿ ಬೇಕು. ಅದು ಮಾಡದಲ್ಲೋ ಅಟ್ಟದ ಮೇಲಿನ ಡಬ್ಬಿಯಲ್ಲೋ ಗೀರು ಬಿದ್ದು ಕೂತಿರುತ್ತಿತ್ತು. ಅದು ಸಿಗದ ಮನೆಯವರು ಸಿಪಿಯು ಡಬ್ಬಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಹುಬ್ಬಳ್ಳಿ ಬಸ್ಸು ಹತ್ತುತ್ತಿದ್ದರು.

ಈ ಹುಡುಗರ ಕೈಯ ಕಸುಬನ್ನು ಕಡಿಮೆ ಎಣಿಸುವುದು ಸರಿಯಲ್ಲ. ಇಂಟರ್ನೆಟ್ಟಿಲ್ಲದ, ಕನ್ನಡದಲ್ಲಿ ಒಂದು ಪುಸ್ತಕವೂ ಕೈಗೆ ಸಿಗದ ಊರಲ್ಲಿ, ನೋಡಿ ನೋಡಿ ಕಲಿತ ವಿದ್ಯೆ ಅದು. ಜಂಪರ್ ಬದಲಿಸಿ ಎರಡನೆಯ ಡಿಸ್ಕನ್ನು ಸ್ಲೇವ್ ಮಾಡಿ ಮೊದಲು ಎಲ್ಲವನ್ನೂ ನಕಲು ತೆಗೆದುಕೊಂಡು, ಆಮೇಲೆ ಫಾರ್ಮ್ಯಾಟ್ ಹೊಡೆಯುವ ಜಾಗರೂಕರೂ ಅವರಲ್ಲಿದ್ದರು. ಆದರೆ ಎಚ್ಚರಿಕೆ ಇದ್ದವರನ್ನೂ ಬಲಿ ಹಾಕುವ ಒಂದು ಗುಂಡಿ ಆ ವರ್ಷಗಳಲ್ಲಿತ್ತು. ಎಕ್ಸ್‌ಪಿ ಬಂದ ಮೇಲೆ ಹಲವು ಯಂತ್ರಗಳಲ್ಲಿ ಸಿ ಡ್ರೈವ್ ಎನ್‌ಟಿಎಫ್‌ಎಸ್ ಆಗಿ, ಡಿ ಡ್ರೈವ್ ಹಳೆಯ ಫ್ಯಾಟ್ 32 ಆಗಿಯೇ ಉಳಿದಿತ್ತು. ವಿಂಡೋಸ್ 98ರ ಬೂಟ್ ಫ್ಲಾಪಿಗೆ ಎನ್‌ಟಿಎಫ್‌ಎಸ್ ಕಾಣುವುದೇ ಇಲ್ಲ. ತನಗೆ ಕಂಡ ಮೊದಲ ಪಾಲಿಗೆ ಅದು ಸಿ ಎಂದು ಹೆಸರಿಡುತ್ತದೆ. ಹಾಗಾಗಿ ಹಳೆಯ ರೂಢಿಯಂತೆ ಫ್ಲಾಪಿ ಹಾಕಿ ಸಿ ಫಾರ್ಮ್ಯಾಟ್ ಹೊಡೆದವನು ಹೊಡೆದದ್ದು ಡಿಯನ್ನು. ಕೆಟ್ಟ ವಿಂಡೋಸ್ ಕೆಟ್ಟಂತೆಯೇ ಉಳಿಯುತ್ತಿತ್ತು, ಜೋಪಾನ ಮಾಡಿಟ್ಟ ಫೈಲುಗಳು ಹೋಗುತ್ತಿದ್ದವು. ಡ್ರೈವಿನ ಅಕ್ಷರವನ್ನು ನಂಬದೆ ಅದರ ಗಾತ್ರ ನೋಡಬೇಕು, ಒಳಗಿನ ಫೈಲುಗಳ ಪಟ್ಟಿ ತೆಗೆದು ನೋಡಬೇಕು ಎಂಬ ಪಾಠ ಇಂದಿಗೂ ಹಳತಾಗಿಲ್ಲ. ಶಾಲೆಗಳ ಲ್ಯಾಬಿನಲ್ಲಿ ಡಿಸ್ಕಿನ ನಕಲು ಇಳಿಸಲು ಬಳಸುತ್ತಿದ್ದ ಘೋಸ್ಟ್ ತಂತ್ರಾಂಶದಲ್ಲೂ ಇಂಥದ್ದೇ ಅಪಾಯವಿತ್ತು. ಪಾರ್ಟಿಷನ್ ಎಂಬ ಸಾಲಿನ ಬದಲು ಡಿಸ್ಕ್ ಎಂಬ ಸಾಲು ಒತ್ತಿದರೆ ಸಿ ಜೊತೆಗೆ ಡಿ, ಇ ಎಲ್ಲವೂ ಹೋಗುತ್ತಿದ್ದವು.

ಹೋದದ್ದು ಏನು ಎಂದು ನೋಡಿದರೆ ಈ ಭಾಗದ ಬದುಕಿನ ಹತ್ತು ವರ್ಷದ ಕಾಗದವೆಲ್ಲ ಕಣ್ಣಿಗೆ ಬರುತ್ತದೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ನಾಟಕದ ಹ್ಯಾಂಡ್‌ಬಿಲ್, ಸೊಸೈಟಿಯ ವಾರ್ಷಿಕ ವರದಿ, ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ, ತೀರಿಕೊಂಡ ಹಿರಿಯರ ಪುಣ್ಯಸ್ಮರಣೆಯ ಕಿರುಹೊತ್ತಗೆ. ಡಿಟಿಪಿ ಅಂಗಡಿಯವನು ಇವನ್ನೆಲ್ಲ ಅಚ್ಚಾದ ಮೇಲೂ ಇಟ್ಟುಕೊಂಡಿರುತ್ತಿದ್ದ, ಮುಂದಿನ ವರ್ಷ ದಿನಾಂಕ ಬದಲಿಸಿದರೆ ಸಾಕು ಎಂದು. ಎಷ್ಟೋ ಬರಹಗಳಿಗೆ ಅವನ ಡಿಸ್ಕನ್ನು ಬಿಟ್ಟು ಬೇರೆ ಪ್ರತಿಯೇ ಇರಲಿಲ್ಲ.

ಕನ್ನಡದ ಫೈಲುಗಳಿಗೆ ಇನ್ನೊಂದು ಪೆಟ್ಟೂ ಇತ್ತು. ಆಗ ಬಳಕೆಯಲ್ಲಿದ್ದದ್ದು ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಶೇಷಾದ್ರಿವಾಸು ಅವರ ಬರಹ, ಅಂಗಡಿಗಳಲ್ಲಿ ಶ್ರೀಲಿಪಿ. ಇವುಗಳಲ್ಲಿ ಬೆರಳಚ್ಚಿಸಿದ್ದು ಡಿಸ್ಕಿನಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತವಾಗಿಯೇ ಕೂರುತ್ತಿತ್ತು. ಫಾಂಟ್ ಇದ್ದರೆ ಕನ್ನಡವಾಗಿ ಕಾಣುತ್ತಿತ್ತು. ಫಾರ್ಮ್ಯಾಟಿನಲ್ಲಿ ಫಾಂಟೂ ಹೋಗುತ್ತಿತ್ತು. ಡಿ ಡ್ರೈವಿನಲ್ಲಿ ಉಳಿದ ಫೈಲನ್ನು ತೆರೆದರೆ ಸೊಟ್ಟ ಗೀಟಿನ ಇಂಗ್ಲಿಷ್ ಅಕ್ಷರಗಳ ಗೋಜಲು. ಫೈಲೇ ಕೆಟ್ಟಿತೆಂದು ಅಳಿಸಿದವರಿದ್ದಾರೆ; ಅದೇ ಫಾಂಟನ್ನು ಮತ್ತೆ ಹಾಕಿದ್ದರೆ ಪ್ರತಿ ಅಕ್ಷರ ಮರಳುತ್ತಿತ್ತು. ಎಕ್ಸ್‌ಪಿಯಲ್ಲಿ ತುಂಗಾ ಎಂಬ ಯೂನಿಕೋಡ್ ಫಾಂಟ್ ಇತ್ತಾದರೂ ಕಂಟ್ರೋಲ್ ಪ್ಯಾನೆಲಿನಲ್ಲಿ ಒಂದು ಚೌಕಕ್ಕೆ ಗುರುತು ಹಾಕಿ, ವಿಂಡೋಸ್ ಸಿಡಿ ಮತ್ತೆ ಕೊಟ್ಟರೆ ಮಾತ್ರ ಕನ್ನಡ ಸರಿಯಾಗಿ ಜೋಡಿಯಾಗುತ್ತಿತ್ತು. ಪ್ರತಿ ಫಾರ್ಮ್ಯಾಟಿನ ನಂತರ ಇದನ್ನೂ ಮಾಡಬೇಕೆಂದು ಹೇಳುವವರೇ ಇರಲಿಲ್ಲ.

ಸ್ಟುಡಿಯೊಗಳದು ಬೇರೆ ಕಥೆ. ಅಲ್ಲಿ ಫಾರ್ಮ್ಯಾಟು ರಿಪೇರಿಗಾಗಿ ಆಗುತ್ತಿರಲಿಲ್ಲ, ಜಾಗಕ್ಕಾಗಿ ಆಗುತ್ತಿತ್ತು. ಮಿನಿ ಡಿವಿ ಕ್ಯಾಸೆಟ್ಟಿನಲ್ಲಿ ಹಿಡಿದ ಮದುವೆಯನ್ನು ಕಂಪ್ಯೂಟರಿಗೆ ಇಳಿಸಿದರೆ ಒಂದು ಗಂಟೆಗೆ ಸುಮಾರು 13 ಜಿಬಿ. 80 ಜಿಬಿಯ ಡಿಸ್ಕಿಗೆ ಆರು ಗಂಟೆಯ ವಿಡಿಯೊ ತುಂಬಿದರೆ ಮುಗಿಯಿತು. ಅರಿಶಿನ, ದೇವಕಾರ್ಯ, ಅಕ್ಷತೆ, ಊಟ, ಮೆರವಣಿಗೆ ಎಂದು ಎರಡು ದಿನದ ಮದುವೆಗೆ ಅಷ್ಟೇ ಸಾಲುತ್ತಿತ್ತು. ಏಪ್ರಿಲ್, ಮೇ ತಿಂಗಳಲ್ಲಿ ಒಂದು ಮದುವೆಯ ಡಿವಿಡಿ ಬರೆದ ಕೂಡಲೇ ಆ ಡ್ರೈವನ್ನು ಫಾರ್ಮ್ಯಾಟ್ ಹೊಡೆದು ಇನ್ನೊಂದನ್ನು ಇಳಿಸುತ್ತಿದ್ದರು. ಕ್ಯಾಸೆಟ್ಟಿನ ಮೇಲೂ ಮುಂದಿನ ಮದುವೆಯ ಶೂಟಿಂಗ್ ಆಗಿಬಿಡುತ್ತಿತ್ತು. ಮನೆಗೆ ಹೋದ ಡಿವಿಡಿ ಕೆಲವೇ ವರ್ಷಕ್ಕೆ ಗೀರುಬಿದ್ದು ಓಡದಾದಾಗ ಜನ ಸ್ಟುಡಿಯೊಗೆ ಬಂದು ಕೇಳುತ್ತಿದ್ದರು: ‘ನಮ್ಮವ್ವ ಅದರಾಗ ಅದಾಳ್ರಿ, ಆಕಿದು ಬ್ಯಾರೆ ಫೋಟೊನ ಇಲ್ರಿ, ಒಂದೀಟು ಹುಡುಕಿ ನೋಡ್ರಿ.’ ಇಂಥ ಕಡೆ ಮಾತ್ರ ನಷ್ಟ ಪೂರ್ಣವಾಗಿತ್ತು. ಮೇಲೆ ಮೇಲೆ ಹೊಸ ಮದುವೆಗಳು ಬರೆಸಿಕೊಂಡಿದ್ದ ಆ ಸೆಕ್ಟರುಗಳಿಂದ ಯಾವ ತಂತ್ರಾಂಶವೂ ಹಳೆಯದನ್ನು ಎತ್ತಿಕೊಡಲಾರದು.

ಉಳಿದ ಕಡೆ ಹಾಗಿರಲಿಲ್ಲ. ಕಳೆದದ್ದನ್ನು ಹುಡುಕುವ ಗೆಟ್ ಡೇಟಾ ಬ್ಯಾಕ್, ರಿಕುವಾ, ಫೋಟೊರೆಕ್‌ನಂಥ ತಂತ್ರಾಂಶಗಳು ಒಂದೊಂದಾಗಿ ಹಳ್ಳಿಗೂ ಬಂದವು. ಫೋಟೊರೆಕ್ ಲೆಕ್ಕದ ಪುಸ್ತಕವನ್ನು ಕೇಳುವುದೇ ಇಲ್ಲ. ಸೆಕ್ಟರಿನಿಂದ ಸೆಕ್ಟರಿಗೆ ಹೋಗಿ, ಫೋಟೊ ಶುರುವಾಗುವ ಗುರುತು ಕಂಡಲ್ಲಿ ಹಿಡಿದು ಎತ್ತುತ್ತದೆ. ಹಳೆಯ ಹೆಸರು, ಫೋಲ್ಡರು ಯಾವುದೂ ಬಾರದು. ಬರೀ ನಂಬರಿನ ಹೆಸರುಳ್ಳ ಸಾವಿರಾರು ಚಿತ್ರಗಳ ಗುಡ್ಡೆಯಿಂದ ತಮ್ಮವರ ಮುಖವನ್ನು ಆರಿಸಿಕೊಳ್ಳಬೇಕು. ಇದಕ್ಕಿದ್ದ ಷರತ್ತು ಒಂದೇ: ತಪ್ಪಾಗಿ ಫಾರ್ಮ್ಯಾಟ್ ಆಯಿತೆಂದು ತಿಳಿದ ಕ್ಷಣದಿಂದ ಆ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು, ಹುಡುಕುವ ತಂತ್ರಾಂಶವನ್ನೂ ಅದೇ ಡಿಸ್ಕಿಗೆ ಹಾಕಬಾರದು. ಡಿಸ್ಕನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಜೋಡಿಸಿ ಹುಡುಕಬೇಕು. ಇಷ್ಟು ತಿಳಿದಿದ್ದರೆ ಉಳಿಯುತ್ತಿದ್ದ ಬರಹ, ಫೋಟೊಗಳನ್ನು ನೆನೆದರೆ ಸಂಕಟವಾಗುತ್ತದೆ.

ಅಳಿಸಲೇಬೇಕಾದ ಕಾಗದಪತ್ರಗಳ ಮಾತು ಮುನ್ನೆಲೆಗೆ ಬಂದದ್ದು ಆಧಾರ್ ಕಾಲದಲ್ಲಿ. 2006ರ ಸುಮಾರಿಗೆ ಹೋಬಳಿಗಳಲ್ಲಿ ನೆಮ್ಮದಿ ಕೇಂದ್ರಗಳು, 2012ರಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು, ಆಮೇಲೆ ಗ್ರಾಮ ಒನ್ ಬಂದವು. ಜೊತೆಗೆ ಪ್ರತಿ ಊರಿನ ಝೆರಾಕ್ಸ್ ಅಂಗಡಿಯೂ ಅರ್ಜಿ ತುಂಬುವ ಕೇಂದ್ರವಾಯಿತು. ಬೆಳೆವಿಮೆ, ವಿದ್ಯಾರ್ಥಿವೇತನ, ಪಿಂಚಣಿ ಎಂದು ಬಂದವರ ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟ, ಪಹಣಿ, ಸಹಿ ಮಾಡಿದ ಹಾಳೆ ಸ್ಕ್ಯಾನ್ ಆಗಿ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿಯುತ್ತವೆ. ಯಂತ್ರ ಹಳತಾದಾಗ ಒಂದು ಕ್ವಿಕ್ ಫಾರ್ಮ್ಯಾಟ್ ಹೊಡೆದು ಹುಬ್ಬಳ್ಳಿಯ ಸೆಕೆಂಡ್ ಹ್ಯಾಂಡ್ ಅಂಗಡಿಗೋ ಗುಜರಿಗೋ ಕೊಡುತ್ತಾರೆ. ಕೊಂಡವನು ಮನಸ್ಸು ಮಾಡಿದರೆ ಒಂದು ಸಂಜೆಯಲ್ಲಿ ಅರ್ಧ ಊರಿನ ದಾಖಲೆ ಅವನ ಮುಂದೆ. ಕೊಟ್ಟವನಲ್ಲಿ ಕೆಟ್ಟ ಬುದ್ಧಿಯಿಲ್ಲ. ಡ್ರೈವ್ ಖಾಲಿ ಕಂಡದ್ದರಿಂದ ಖಾಲಿಯೆಂದೇ ನಂಬಿರುತ್ತಾನೆ.

ಬಿಲ್ಲೆ ತಿರುಗುವ ಡಿಸ್ಕನ್ನು ನಿಜವಾಗಿ ಅಳಿಸುವ ದಾರಿಯೆಂದರೆ ಹಳೆಯದರ ಮೇಲೆ ಬೇರೆಯದನ್ನು ಬರೆಯುವುದು. ವಿಂಡೋಸ್ ವಿಸ್ತಾದಿಂದ ಈಚೆಗೆ ಕ್ವಿಕ್ ಎಂಬ ಗುರುತನ್ನು ತೆಗೆದು ಫಾರ್ಮ್ಯಾಟ್ ಕೊಟ್ಟರೆ ಆ ಡ್ರೈವಿನ ಎಲ್ಲಾ ಸೆಕ್ಟರುಗಳ ಮೇಲೆ ಸೊನ್ನೆ ಬರೆಯುತ್ತದೆ. ಎಕ್ಸ್‌ಪಿಯಲ್ಲಿ ಈ ಅನುಕೂಲವಿರಲಿಲ್ಲ. ಇಡೀ ಡಿಸ್ಕಿಗೆ ಡಿಸ್ಕ್‌ಪಾರ್ಟ್‌ನ ‘ಕ್ಲೀನ್ ಆಲ್’ ಆಜ್ಞೆ ಇದೇ ಕೆಲಸ ಮಾಡುತ್ತದೆ; ಬರೀ ‘ಕ್ಲೀನ್’ ಎಂದರೆ ಲೆಕ್ಕ ಮಾತ್ರ ಹೋಗುತ್ತದೆ. ಒಂದು ಟಿಬಿಯ ಡಿಸ್ಕಿಗೆ ಎರಡು ಮೂರು ಗಂಟೆ ಹಿಡಿಯುತ್ತದೆ. ಪೀಟರ್ ಗುಟ್‌ಮನ್ 1996ರ ಲೇಖನವೊಂದರಲ್ಲಿ 35 ಸಲ ಬರೆಯುವ ವಿಧಾನ ಸೂಚಿಸಿದ್ದರು, ಅದು ಆ ಕಾಲದ ಬಗೆಬಗೆಯ ಡಿಸ್ಕುಗಳಿಗೆ ಹೇಳಿದ್ದು. ಈಗಿನ ಡಿಸ್ಕಿಗೆ ಒಂದು ಸಲ ಪೂರ್ತಿ ಬರೆದರೆ ಸಾಕೆಂಬುದು ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ ಮಾರ್ಗಸೂಚಿ. ದಿನಗಟ್ಟಲೆ ಯಂತ್ರ ಓಡಿಸುವ ಅಗತ್ಯವಿಲ್ಲ, ನಡುವೆ ಕರೆಂಟು ಹೋಗದಂತೆ ನೋಡಿಕೊಂಡರೆ ಸಾಕು.

ಎಸ್‌ಎಸ್‌ಡಿಗೆ ಲೆಕ್ಕವೇ ಬೇರೆ. ಅದರಲ್ಲಿ ತಿರುಗುವ ಬಿಲ್ಲೆಯಿಲ್ಲ. ಒಂದೇ ಜಾಗ ಸವೆಯಬಾರದೆಂದು ಅದು ಬರಹವನ್ನು ತಾನೇ ಜಾಗ ಬದಲಿಸಿ ಇಡುತ್ತದೆ. ಮೇಲಿನಿಂದ ಸೊನ್ನೆ ಬರೆದರೂ ಕೆಲವು ಹಳೆಯ ತುಣುಕುಗಳು ಬೇರೆ ಮೂಲೆಯಲ್ಲಿ ಉಳಿಯಬಹುದು. ತಯಾರಕರೇ ಕೊಡುವ ಸೆಕ್ಯೂರ್ ಇರೇಸ್ ಆಜ್ಞೆಯನ್ನು ಬಳಸಬೇಕು. ಇಲ್ಲವೇ ಮೊದಲ ದಿನದಿಂದಲೇ ಬಿಟ್‌ಲಾಕರಿನಂಥ ಗೂಢಲಿಪಿಯಲ್ಲಿಟ್ಟು, ಕೊಡುವಾಗ ಕೀಲಿಯನ್ನು ನಾಶ ಮಾಡಬೇಕು. ಅದೇ ಎಸ್‌ಎಸ್‌ಡಿಯಲ್ಲಿ ತಪ್ಪಾಗಿ ಫಾರ್ಮ್ಯಾಟ್ ಆದದ್ದು ಹಳೆಯ ಡಿಸ್ಕಿನಂತೆ ಮರಳಿ ಸಿಗುವುದಿಲ್ಲ. ಫಾರ್ಮ್ಯಾಟಿನ ಜೊತೆಗೇ ಟ್ರಿಮ್ ಆಜ್ಞೆ ಹೋಗಿ ಆ ಜಾಗವನ್ನು ಒಳಗಿನಿಂದಲೇ ತೆರವು ಮಾಡಿಸುತ್ತದೆ. ಹಳೆಯ ಡಿಸ್ಕಿನ ಅನುಭವ ನೆಚ್ಚಿಕೊಂಡು ಆಮೇಲೆ ತೆಗೆದರಾಯಿತು ಎಂದು ಕೂರುವ ಅಂಗಡಿಯವರು ಇದನ್ನು ತಿಳಿದಿರಬೇಕು.

ತಿರುಗದೇ ಕೆಟ್ಟುಹೋದ ಡಿಸ್ಕಿಗೆ ತಂತ್ರಾಂಶದ ಯಾವ ಉಪಾಯವೂ ನಡೆಯದು, ಬಿಲ್ಲೆಯನ್ನೇ ಹಾಳುಮಾಡಬೇಕು. ಡೆಸ್ಕ್‌ಟಾಪ್ ಡಿಸ್ಕುಗಳ ಬಿಲ್ಲೆ ಸಾಮಾನ್ಯವಾಗಿ ಅಲ್ಯೂಮಿನಿಯಂ; ಡ್ರಿಲ್ಲಿನಿಂದ ಹಲವು ಕಡೆ ತೂತು ಕೊರೆದು ಬಗ್ಗಿಸಿದರೆ ಸಾಮಾನ್ಯರ ಕೈಗೆ ಅದು ಮತ್ತೆ ಸಿಗದು. ಲ್ಯಾಪ್‌ಟಾಪಿನ ಡಿಸ್ಕುಗಳಲ್ಲಿ ಹೆಚ್ಚಾಗಿ ಗಾಜಿನ ಬಿಲ್ಲೆಗಳಿರುತ್ತವೆ, ಒಡೆಯುವಾಗ ಚೂರು ಸಿಡಿಯುವುದರಿಂದ ದಪ್ಪ ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಒಡೆಯಬೇಕು. ಉಳಿದ ಡಬ್ಬಿ, ಬೋರ್ಡು, ಮಾನಿಟರುಗಳು ಇ-ತ್ಯಾಜ್ಯ ನಿಯಮಗಳಿಗೆ ಸೇರುತ್ತವೆ. 2012ರ ಮೇ 1ರಿಂದ ದೇಶದಲ್ಲಿ ಜಾರಿಗೆ ಬಂದ ಈ ನಿಯಮಗಳನ್ನು 2016ರಲ್ಲೂ 2022ರಲ್ಲೂ ಹೊಸದಾಗಿ ಬರೆದಿದ್ದಾರೆ. ಅವುಗಳಂತೆ ಹಳೆಯ ಯಂತ್ರ ಹೋಗಬೇಕಾದದ್ದು ನೋಂದಣಿಯಾದ ಮರುಬಳಕೆದಾರರ ಕಡೆಗೆ. ಅಲ್ಲಿಗೆ ಕಳಿಸುವ ಮುಂಚೆಯೂ ಡಿಸ್ಕನ್ನು ಬಿಚ್ಚಿ ತೆಗೆದು, ಅಳಿಸಿಯೋ ಒಡೆದೋ ಕೊಡುವುದು ಆ ಯಂತ್ರದಲ್ಲಿ ಕಾಗದ ಬಿಟ್ಟುಹೋದ ಜನರ ಮಟ್ಟಿಗೆ ಅಂಗಡಿಯವನ ಕರ್ತವ್ಯ.